ಮಡಿವಾಳ ಹಕ್ಕಿ ರಾತ್ರಿ ಮೂರಕ್ಕೇ ಯಾಕೆ ಹಾಡತ್ತೆ?

ಪ್ರಶ್ನೆ: ಶಿವಮೊಗ್ಗದಲ್ಲಿ ನಮ್ಮನೆ ಗೇಟ್ ಎದುರಿನ ಕಂಬಕ್ಕೆ ಬಿಳಿ ಎಲ್‌ಇಡಿ ದೀಪ ಹಾಕಿದ್ಮೇಲೆ ಮಡಿವಾಳ ಹಕ್ಕಿ ರಾತ್ರಿ ಮೂರಕ್ಕೇ ಹಾಡೋಕೆ ಶುರು ಮಾಡತ್ತೆ. ಕಾಂಪೌಂಡ್ ಗೋಡೆ ತೂತಲ್ಲಿ ಮೊಟ್ಟೆನೂ ಇಟ್ಟಿತ್ತು, ಪಕ್ಕದ ಸೈಟಲ್ಲಿ ಬೋರ್‌ವೆಲ್ ಕೊರೆದಾಗಿಂದ ಕಾವಿಗೆ ಕೂರ್ತಾನೇ ಇಲ್ಲ. ಸ್ಟ್ರೆಸ್ ಹಾರ್ಮೋನ್ ಕಾರಣನಾ?

ಉತ್ತರ: ಮೇಡಂ, ಹಾಡಿಗೆ ಬೆಳಕು ಕಾರಣ ಇರ್ಬೇಕು, ಗೂಡು ಬಿಟ್ಟಿದ್ದಕ್ಕೆ ಸ್ಟ್ರೆಸ್.

ಹಕ್ಕಿ ಹಗಲು ಎಷ್ಟುದ್ದ ಅಂತ ಅಳೆಯೋದು ಬರೀ ಕಣ್ಣಿಂದ ಅಲ್ಲ. ಬೆಳಕು ತಲೆಬುರುಡೆ ದಾಟಿ ಒಳಗೆ ಹೋಗತ್ತೆ, ಮೆದುಳಿನ ಆಳದಲ್ಲೇ ಅದನ್ನ ಗುರುತಿಸೋ ಕೋಶಗಳಿವೆ, 1930ರ ದಶಕದಲ್ಲೇ ಫ್ರಾನ್ಸಲ್ಲಿ ಕಣ್ಣಿಲ್ಲದ ಬಾತುಕೋಳಿಗಳ ಮೇಲೆ ಇದನ್ನ ತೋರಿಸಿದ್ರು. ಹಗಲು ಉದ್ದ ಆದಂಗೆ ಆ ಸುದ್ದಿ ಮೆದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿಗೆ ಮುಟ್ಟಿ, ಅಲ್ಲಿಂದ ವೃಷಣಕ್ಕೆ ಹೋಗಿ, ಗಂಡು ಹಾರ್ಮೋನ್ ಟೆಸ್ಟೋಸ್ಟಿರಾನ್ ಏರಿ ಗಂಡು ಹಾಡೋಕೆ ಶುರು ಮಾಡತ್ತೆ. ಚಳಿಗಾಲದಲ್ಲಿ ಹೆಚ್ಚುಕಮ್ಮಿ ಸುಮ್ನಿರೋ ಮಡಿವಾಳ ಬೇಸಿಗೆ ಬರ್ತಿದ್ದಂಗೆ ಬಾಯಿ ಬಿಡೋದು ಹಿಂಗೆ. ಲೇಯರ್ ಕೋಳಿ ಸಾಕೋರು ಶೆಡ್ಡಲ್ಲಿ 16 ಗಂಟೆ ಬೆಳಕು ಕೊಡೋದೂ ಇದೇ ಲೆಕ್ಕದ ಮೇಲೆ.

ನಮ್ ಕಡೆ ಹಗಲು ಅಷ್ಟೇನು ಬದಲಾಗಲ್ವಲ್ಲ ಅಂತ ಕೇಳ್ಬಹುದು. ಶಿವಮೊಗ್ಗದಲ್ಲಿ ಡಿಸೆಂಬರ್ ಹಗಲು ಸುಮಾರು 11 ಗಂಟೆ 20 ನಿಮಿಷ, ಜೂನಲ್ಲಿ 13 ಗಂಟೆ ಹತ್ರ. ಅಷ್ಟು ಸಾಕು ಮಾರಾಯ್ರೆ! ಪನಾಮಾ ಕಾಡಿನ ಒಂದು ಇರುವೆಹಕ್ಕಿ ಹಗಲು ಬರೀ 17 ನಿಮಿಷ ಹೆಚ್ಚಾದ್ರೂ ಗುರುತಿಸತ್ತೆ ಅಂತ 1998ರಲ್ಲಿ ಪ್ರಕಟವಾಗಿದೆ. ಬೀದಿ ದೀಪ ಕೆಡಿಸೋದು ಈ ಅಳತೆನೇ. ಜರ್ಮನಿಲಿ ನಗರದ ಬ್ಲ್ಯಾಕ್‌ಬರ್ಡ್‌ಗಳಿಗೆ ರಾತ್ರಿ 0.3 ಲಕ್ಸ್ ಬೆಳಕು ಕೊಟ್ರು, ಅಂದ್ರೆ ಹುಣ್ಣಿಮೆ ಬೆಳದಿಂಗಳಷ್ಟು, ಅಷ್ಟಕ್ಕೇ ಅವು ಹೆಚ್ಚುಕಮ್ಮಿ ಒಂದು ತಿಂಗಳು ಮುಂಚೆ ಸಂತಾನಕ್ಕೆ ರೆಡಿ ಆದ್ವು. ನಿಮ್ಮ ಕಂಬದ ದೀಪ ಅದಕ್ಕಿಂತ ಎಷ್ಟೋ ಜಾಸ್ತಿ, ಅದಕ್ಕೇ ಹಕ್ಕಿಗೆ ಮೂರಕ್ಕೇ ಬೆಳಗಾದಂಗೆ ಅನ್ಸಿರ್ಬೇಕು.

ಇನ್ನು ಗೂಡಿನ ವಿಷ್ಯ. ಹಕ್ಕಿಗಳ ಮುಖ್ಯ ಸ್ಟ್ರೆಸ್ ಹಾರ್ಮೋನ್ ಕಾರ್ಟಿಕೋಸ್ಟಿರಾನ್. ಇದು ವಿಷ ಅಲ್ಲ, ಹಾವು, ಗಿಡುಗ, ಜಡಿಮಳೆ ಬಂದಾಗ ಹಕ್ಕಿನ ಉಳಿಸೋದೇ ಇದು. ಎಷ್ಟು ಬೇಗ ಏರತ್ತೆ ಅಂದ್ರೆ ಇದನ್ನ ಅಳೆಯೋ ವಿಜ್ಞಾನಿಗಳು ಹಕ್ಕಿ ಹಿಡಿದ ಮೂರು ನಿಮಿಷದೊಳಗೆ ರಕ್ತ ತೆಗೀಬೇಕು, ತಡ ಆದ್ರೆ ಹಿಡಿದಿದ್ದರ ಭಯನೇ ಸ್ಯಾಂಪಲ್ಲಲ್ಲಿ ಬರತ್ತೆ. ಸ್ವಲ್ಪ ಹೊತ್ತು ಏರಿ ಇಳಿದ್ರೆ ತೊಂದ್ರೆ ಇಲ್ಲ. ಬೋರ್‌ವೆಲ್ ಥರ ದಿನವಿಡೀ ಅದುರ್ತಾ ಇದ್ರೆ ಏರಿದ್ದು ಇಳಿಯಲ್ಲ, ಕಾವಿಗೆ ಕೂರಿಸೋ ಪ್ರೊಲ್ಯಾಕ್ಟಿನ್ ಅನ್ನೋ ಇನ್ನೊಂದು ಹಾರ್ಮೋನ್ ಕಮ್ಮಿ ಆಗ್ಬಹುದು, ಆಗ ಈ ಮೊಟ್ಟೆಗಿಂತ ತನ್ನ ಜೀವ ಮುಖ್ಯ ಅನ್ನೋ ಕಡೆ ದೇಹ ವಾಲತ್ತೆ. ಪೆಂಗ್ವಿನ್‌ಗಳಿಗೆ ಕಾರ್ಟಿಕೋಸ್ಟಿರಾನ್ ಹೆಚ್ಚು ಕೊಟ್ಟಾಗ ಅವೂ ಗೂಡು ಬಿಟ್ಟಿವೆ. ಹಂಗಾಗಿ ನಿಮ್ಮ ಹಕ್ಕಿನ ಕಲ್ಲು ಮನಸ್ಸಿನ ತಾಯಿ ಅನ್ಬೇಡಿ, ಪ್ಲೀಸ್.

ಮೊಟ್ಟೆ ಮುಟ್ಬೇಡಿ, ಟಾರ್ಚ್ ಹಾಕಿ ಇಣುಕೋದು, ಮೊಬೈಲ್ ತೂರಿಸಿ ಫೋಟೋ ತೆಗೆಯೋದು ಬೇಡವೇ ಬೇಡ, ಅದೂ ಸ್ಟ್ರೆಸ್ಸೇ. ದೀಪಕ್ಕೆ ಬೆಳಕು ಕೆಳಗೆ ಮಾತ್ರ ಬೀಳೋ ಥರ ಶೇಡ್ ಹಾಕಿಸೋಕೆ ವಾರ್ಡಿನವರಿಗೆ ಅರ್ಜಿ ಕೊಡಿ. ಮಡಿವಾಳ ಮಾರ್ಚಿಂದ ಜುಲೈವರೆಗೆ ಗೂಡು ಕಟ್ಟತ್ತೆ, ಒಂದು ಹಾಳಾದ್ರೆ ಇನ್ನೊಂದು ಸಲ ಪ್ರಯತ್ನ ಮಾಡೋದೂ ಇದೆ. ಮನೆ ಹಿಂದೆ ಕತ್ತಲಿರೋ ಕಡೆ ತೂತಿರೋ ಮರದ ಪೆಟ್ಟಿಗೆ ಒಂದು ಕಟ್ಟಿ, ಬೆಕ್ಕು ಹತ್ತದಷ್ಟು ಎತ್ತರಕ್ಕೆ.