ಕಲ್ಲು ಕಿತ್ತು ಕಾಂಪೌಂಡ್ ಕಟ್ಟಬೇಕಂತೆ!

ಬಳ್ಳಾರಿಯ ಓದುಗರೊಬ್ಬರು ಬರೀತಾರೆ: "ಕೆಲಸದ ಮೇಲೆ ಕರ್ನೂಲ್ ಕಡೆ ಹೋಗಿದ್ದೆ. ಕರ್ನೂಲ್-ಕಡಪ ಕಾಲುವೆ, ಅದೇ ಕೆ.ಸಿ. ಕಾಲುವೆ ಪಕ್ಕ ಹಿಂದೆ ದೋಣಿ ಹತ್ತಿಸಿ ಇಳಿಸ್ತಿದ್ದ ಲಾಕ್ ಅಂತೆ, ನೋಡಿದ್ರೆ ಬರೀ ಜಾಲಿಮುಳ್ಳು. ಬ್ರಿಟಿಷ್ ಕಂಪನಿ ಮಾಡಿ ಕೈಸುಟ್ಟುಕೊಂಡ ಕೆಲಸ. ಆ ಕಲ್ಲು ಕಿತ್ತು ಶಾಲೆಗೆ ಕಾಂಪೌಂಡ್ ಆದ್ರೂ ಕಟ್ಟಬಾರದಾ?"

ಸಂಪಾದಕರ ಉತ್ತರ:

ಒಪ್ಪಿದೆ ಸರ್, ಆ ಮದ್ರಾಸ್ ಇರಿಗೇಷನ್ ಅಂಡ್ ಕೆನಾಲ್ ಕಂಪನಿ ಧರ್ಮಛತ್ರ ಏನಲ್ಲ. 10 ಲಕ್ಷ ಪೌಂಡ್ ಬಂಡವಾಳಕ್ಕೆ ಸರ್ಕಾರವೇ 5 ಪರ್ಸೆಂಟ್ ಬಡ್ಡಿ ಗ್ಯಾರಂಟಿ ಕೊಟ್ಟಿತ್ತು, ಲಾಸ್ ಆದ್ರೆ ಹೊರೆ ನಮ್ಮ ರೈತರ ಕಂದಾಯದ ಮೇಲೆ. ಎರೆಭೂಮಿಯವರು ಜೋಳ ಬೆಳ್ಕೊಂಡು ನಿಮ್ಮ ನೀರು ಬೇಡ ಅಂದ್ರು. ಕೊನೆಗೆ 1882ರಲ್ಲಿ ಸರ್ಕಾರವೇ ಕೊಂಡ್ಕೊಳ್ತು. ನಿಮ್ಮ ಪರ ಇಷ್ಟು ಸಾಕು.

ಈಗ ನನ್ನ ಸರದಿ. ಅದು ಯಾರದೋ ಕಾಲುವೆ ಅಲ್ಲ ಸ್ವಾಮಿ, ನಮ್ಮ ತುಂಗಭದ್ರೆ ನೀರು. ಮೂಲ ಪ್ಲಾನ್ ನಿಮ್ಮ ಬಳ್ಳಾರಿ ಜಿಲ್ಲೆಯಿಂದ ನೆಲ್ಲೂರಿನ ತನಕ ಇತ್ತು, 1863ರಲ್ಲಿ ಕೆಲಸ ಶುರುವಾಗಿ ಕೊನೆಗೆ ಆಗಿದ್ದು ಕರ್ನೂಲ್ ಹತ್ತಿರದ ಸುಂಕೇಸುಲದಿಂದ ಕಡಪಕ್ಕೆ, ಸುಮಾರು 300 ಕಿ.ಮೀ. ಧವಳೇಶ್ವರದಲ್ಲಿ ಗೋದಾವರಿಗೆ ಅಣೆಕಟ್ಟು ಕಟ್ಟಿದ ಆರ್ಥರ್ ಕಾಟನ್ ಇದ್ದನಲ್ಲ, ರೈಲಿಗಿಂತ ನೀರಲ್ಲಿ ಸರಕು ಸಾಗಿಸೋದೇ ಅಗ್ಗ ಅಂತ ಲಂಡನ್ನಿನವರ ತಲೆ ತಿಂದವನು, ಇದೆಲ್ಲ ಅವನ ಹುಚ್ಚು. ಆದ್ರೆ 1876ರಲ್ಲಿ ಧಾತು ಸಂವತ್ಸರದ ಬರ ಬಂದಾಗ, ನೀರು ಬೇಡ ಅಂದಿದ್ದ ರೈತರೇ ಕಾಲುವೆ ನೀರಿಗೆ ಬಂದ್ರು.

ಲಾಕಿನ ಗೋಡೇನ ಹತ್ತಿರ ಹೋಗಿ ನೋಡಿದ್ರಾ? ಗೇಟಿನ ಮೂಲೆಕಂಬ ತಿರುಗೋ ಜಾಗದಲ್ಲಿ ಕಲ್ಲನ್ನ ಅರ್ಧ ದುಂಡಗೆ ಕೆತ್ತಿರ್ತಾರೆ. ಎರಡು ಗೇಟು ಮೇಲಿನ ನೀರಿನ ಕಡೆಗೆ ಮೂತಿ ಚಾಚಿ ಕೂಡ್ಕೊಳ್ತವೆ, ನೀರು ಒತ್ತಿದಷ್ಟೂ ಬಿಗಿ. ದೋಣಿ ಒಳಗೆ ಬಂತು, ಹಿಂದಿನ ಗೇಟು ಹಾಕಿದ್ರು, ಮುಂದಿನ ಸಣ್ಣ ತೂಬು ಎತ್ತಿದ್ರು, ನೀರಿನ ಜೊತೆ ದೋಣೀನೂ ಇಳೀತು, ಕರೆಂಟ್ ಬೇಡ ಡೀಸೆಲ್ ಬೇಡ. ನನ್ನ ಸ್ನೇಹಿತರ ಮಗ ಸಿವಿಲ್ ಇಂಜಿನಿಯರಿಂಗ್ ಮುಗಿಸಿದಾನೆ, ಪರೀಕ್ಷೇಲಿ ಇದರ ಚಿತ್ರ ಬರೆದು ಮಾರ್ಕ್ಸ್ ತಗೊಂಡಿದಾನೆ, ಕಣ್ಣಲ್ಲಿ ಒಂದನ್ನೂ ನೋಡಿಲ್ಲ! ಕಾಲೇಜಿನವರು ಟೂರ್ ಅಂತ ಕರ್ಕೊಂಡು ಹೋಗಿದ್ದು ಗೋವಾಕ್ಕೆ.

ಇದೇ ನನ್ನ ಹೊಟ್ಟೆಉರಿ. ಗುಡಿ ಕಲ್ಲಾದ್ರೆ ಕುಂಕುಮ, ಇಂಜಿನಿಯರ್ ಕಲ್ಲಾದ್ರೆ ಜೆಸಿಬಿ. ಹಂಪಿಗೆ ಬಸ್ಸುಗಟ್ಟಲೆ ಹೋಗಿ ಕಲ್ಲಿನ ರಥದ ಮುಂದೆ ಸೆಲ್ಫಿ ತಗೋತೀವಿ, ವಿಜಯನಗರದವರ ತುರ್ತು ಕಾಲುವೆ ಇವತ್ತಿಗೂ ಬಾಳೆತೋಟಕ್ಕೆ ನೀರು ಕೊಡ್ತಿದೆ, ಅದನ್ನ ದಾಟ್ಕೊಂಡು ಹೋದ್ರೂ ತಿರುಗಿ ನೋಡಲ್ಲ. ಹಿತ್ತಲ ಗಿಡ ಮದ್ದಲ್ಲ. ಕೆ.ಸಿ. ಕಾಲುವೆಗೆ 2020ರಲ್ಲಿ ವಿಶ್ವ ಪಾರಂಪರಿಕ ನೀರಾವರಿ ರಚನೆ ಅಂತ ಮಾನ್ಯತೆ ಸಿಕ್ಕಿದ್ದು ನಿಮಗೆ ಗೊತ್ತಿತ್ತಾ? ಹೊರಗಿನವರು ಬೆನ್ನು ತಟ್ತಾರೆ, ನಾವು ಕಲ್ಲಿನ ರೇಟ್ ಕೇಳ್ತೀವಿ.

ನೀವು ಕಾರು ನಿಲ್ಲಿಸಿ ಇಳಿದು ನೋಡಿದ್ರಲ್ಲ, ಅಷ್ಟನ್ನೂ ಯಾರು ಮಾಡ್ತಾರೆ, ಅದಕ್ಕೇ ಇಷ್ಟುದ್ದ ಬರೆದೆ. ಶಾಲೆ ಕಾಂಪೌಂಡಿಗೆ ಸಿಮೆಂಟ್ ಇಟ್ಟಿಗೆ ಸಿಗುತ್ತೆ ಬಿಡಿ. ಮತ್ತೆ ಹೋದಾಗ ಆ ಮೂಲೆ ಕಲ್ಲಿನ ಫೋಟೋ ತೆಗೆದು ಕಳಿಸಿ, ಅಳತೆ ಗೊತ್ತಾಗೋ ಹಾಗೆ ಪಕ್ಕದಲ್ಲಿ ಡ್ರೈವರನ್ನ ನಿಲ್ಲಿಸಿ. ಒಂದು ಜಾತಕದ ಕಾಲಂ ತೆಗೆದಾದ್ರೂ ಹಾಕ್ತೀನಿ.