ಮೂರನೇ ಬೆಂಚಿನ ಹುಡುಗಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ವಿದೇಶದಲ್ಲಿ ಓದುವವರಿಗೆ ಕಾಲೇಜು ಆರಿಸಲು ಸಲಹೆ ಕೊಡುವುದು ನನ್ನ ವೃತ್ತಿ. ಮಾರ್ಚ್ ಕೊನೆಯ ವಾರ ತಂದೆ, ಮಗಳು ಬಂದರು. ಬೆಂಗಳೂರಿನವರು. ಮಗಳು ಆಗಷ್ಟೇ ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಸಿದ್ದಳು. ಅಮೆರಿಕದಲ್ಲಿ ಎರಡು ಕಡೆ ಸೀಟು: ಇಂಡಿಯಾನಾದ ದೊಡ್ಡ ಪರ್ಡ್ಯೂ ವಿಶ್ವವಿದ್ಯಾಲಯ, ಅಯೋವಾದ ಸಣ್ಣ ಗ್ರಿನೆಲ್ ಕಾಲೇಜು. ಓದಬೇಕೆಂದಿರುವುದು ಕಂಪ್ಯೂಟರ್ ಸೈನ್ಸ್. ಮೇ 1ರೊಳಗೆ ಒಂದನ್ನು ಒಪ್ಪಿಕೊಳ್ಳಬೇಕು.

ತಂದೆಯ ಮನಸ್ಸು ಪರ್ಡ್ಯೂ ಕಡೆಗೇ. "ಇನ್ನೊಂದು ಬರೀ ಕಾಲೇಜಲ್ವಾ ಮೇಡಂ? ನೆಂಟರಿಗೆ ಏನಂತ ಹೇಳೋದು?"

ನಮ್ಮಲ್ಲಿ ಸಾಮಾನ್ಯವಾಗಿ ಪಾಠ ಮಾಡುವುದು ಕಾಲೇಜು, ಪದವಿ ಕೊಡುವುದು ವಿಶ್ವವಿದ್ಯಾಲಯ. ಹಾಗಾಗಿ ಅವರ ಕಿವಿಗೆ 'ಕಾಲೇಜು' ಒಂದು ಮೆಟ್ಟಿಲು ಕೆಳಗೆ ಕೇಳಿಸುತ್ತಿತ್ತು. ಗ್ರಿನೆಲ್ ತನ್ನ ಪದವಿಯನ್ನು ತಾನೇ ಕೊಡುತ್ತದೆ. ಸ್ನಾತಕೋತ್ತರ ವಿಭಾಗ ಇಟ್ಟುಕೊಂಡಿಲ್ಲ, ಅಷ್ಟೇ. ಇಂಟೆಲ್ ಸ್ಥಾಪಕರಲ್ಲೊಬ್ಬರಾದ ರಾಬರ್ಟ್ ನಾಯ್ಸ್ 1949ರಲ್ಲಿ ಪದವಿ ಪಡೆದದ್ದು ಅಲ್ಲೇ ಎಂದೆ. ನೆಂಟರ ವಿಚಾರ ಅಲ್ಲಿಗೆ ತಣ್ಣಗಾಯಿತು.

ಹುಡುಗಿ ಮಾತ್ರ ತುಟಿ ಬಿಚ್ಚಿರಲಿಲ್ಲ. ಮಾತು ಕಡಿಮೆ ಇರುವ ಮಕ್ಕಳಿಗೆ ಸಣ್ಣ ಕಾಲೇಜೇ ಸರಿ ಎನ್ನುವುದು ನಮ್ಮ ವೃತ್ತಿಯವರ ಸಿದ್ಧ ಉತ್ತರ. ನಾನೂ ಅದನ್ನೇ ಹೇಳಲು ಹೊರಟಿದ್ದೆ. ತಂದೆಯನ್ನು ಹೊರಗೆ ಕೂರಿಸಿದ ಮೇಲೆ ಅವಳೆಂದಳು: "ಹದಿನೈದು ಜನರ ಕ್ಲಾಸಲ್ಲಿ ಬಾಯಿ ಬಿಡಲೇಬೇಕಲ್ವಾ ಮೇಡಂ? ಪಿಯುಸಿಲಿ ಎಂಬತ್ತು ಜನ ಇದ್ವಿ. ಮೂರನೇ ಬೆಂಚಲ್ಲಿ ಕೂತು ಎರಡು ವರ್ಷ ಒಂದು ಡೌಟೂ ಕೇಳಲಿಲ್ಲ."

"ಹಾಗಿರೋದು ಇಷ್ಟ ಆಗಿತ್ತಾ?"

ತುಂಬ ಹೊತ್ತು ಸುಮ್ಮನಿದ್ದು, "ಇಲ್ಲ" ಎಂದಳು.

ದೊಡ್ಡದೇನೂ ಕೆಟ್ಟದ್ದಲ್ಲ ಎಂದೆ. ಪರ್ಡ್ಯೂನಲ್ಲಿ ಕೋರ್ಸುಗಳು, ಲ್ಯಾಬುಗಳು ಬೇಕಾದಷ್ಟು. ಆದರೆ ಬಾಗಿಲು ತಟ್ಟಬೇಕಾದವಳು ಅವಳೇ. ಸಣ್ಣ ಕಡೆ ಅಧ್ಯಾಪಕರೇ ಕೈಗೆ ಸಿಗುತ್ತಾರೆ, ನಿಜ. ಅವರೇ ರಜೆಯ ಮೇಲೆ ಹೋದರೆ ಅವರ ವಿಷಯ ಆ ವರ್ಷ ಇಲ್ಲದೆಯೂ ಹೋಗಬಹುದು. ರೂಮ್‌ಮೇಟ್ ಜೊತೆ ಜಗಳವಾಡಿದರೆ ಮಾರನೇ ದಿನ ಊಟದ ಹಾಲಿನಲ್ಲಿ ಅದೇ ಮುಖ.

ಇಬ್ಬರಿಗೂ ಕೆಲಸ ಕೊಟ್ಟು ಕಳಿಸಿದೆ. ಮಗಳು ಎರಡೂ ಕಡೆಯ ಕೋರ್ಸ್ ಪಟ್ಟಿ ತೆಗೆದು ನಾಲ್ಕು ವರ್ಷ ಏನೇನು ಓದುತ್ತಾಳೆಂದು ಬರೆಯಬೇಕು. ಗ್ರಿನೆಲ್‌ನಲ್ಲಿ ಎಲ್ಲರಿಗೂ ಕಡ್ಡಾಯವೆಂದಿರುವುದು ಮೊದಲ ವರ್ಷದ ಟ್ಯುಟೋರಿಯಲ್ (ಸಣ್ಣ ಗುಂಪಿನ ಚರ್ಚೆ, ಬರವಣಿಗೆಯ ತರಗತಿ) ಒಂದೇ, ಆದ್ದರಿಂದ ಅಲ್ಲಿಯ ಪಟ್ಟಿ ತುಂಬಿಸುವುದೇ ಕಷ್ಟ. ಜೊತೆಗೆ, ಎರಡೂ ಕಡೆ ಒಬ್ಬೊಬ್ಬ ಅಧ್ಯಾಪಕರಿಗೆ ನಿಜವಾದ ಒಂದು ಡೌಟು ಬರೆದು ಕಳಿಸಬೇಕು. ನಾನು ತಿದ್ದುವುದಿಲ್ಲ. ತಂದೆ ಮೊದಲ ವರ್ಷದ ಫೀಸು ನೋಡಿ ಹೆದರುವುದು ಬಿಟ್ಟು, ಸ್ಕಾಲರ್‌ಶಿಪ್ ಕಳೆದು ನಾಲ್ಕೂ ವರ್ಷದ ಲೆಕ್ಕ ಹಾಕಬೇಕು. ಓದಿನ ನಂತರದ ಕೆಲಸದ ಅನುಮತಿಯ ಚಿಂತೆಯೂ ಅವರಿಗಿತ್ತು. ಸದ್ಯದ ನಿಯಮದಂತೆ 12 ತಿಂಗಳು, ವಿಜ್ಞಾನ ತಂತ್ರಜ್ಞಾನದವರಿಗೆ ಮತ್ತೆ 24. ಅದು ಓದಿದ ವಿಷಯ ನೋಡಿ ಸಿಗುತ್ತದೆಯೇ ಹೊರತು ಕ್ಯಾಂಪಸ್ಸಿನ ಅಗಲ ನೋಡಿ ಅಲ್ಲ.

ಏಪ್ರಿಲ್ 28ಕ್ಕೆ ತಂದೆಯ ಫೋನು. "ಮೇಡಂ, ಗ್ರಿನೆಲ್ ಒಂಬತ್ತೋ ಹತ್ತೋ ಸಾವಿರ ಜನರ ಊರಂತೆ. ಅಲ್ಲಿ ಸೋನಾಮಸೂರಿ ಸಿಗುತ್ತಾ?"