ಯಮಹಾ ಆರ್3 ಬೈಕಿಗೆ ಹಾಕಿಸಿದ ಕ್ವಿಕ್‌ಶಿಫ್ಟರ್ ಕೆಳಗಿನ ಗೇರ್‌ಗಳಲ್ಲಿ ಜರ್ಕ್ ಹೊಡೆಯುತ್ತಿದೆ, ಎಷ್ಟು ಮಿಲಿಸೆಕೆಂಡ್ ಇಡಬೇಕು?

ಕ್ವಿಕ್‌ಶಿಫ್ಟರ್ ಎಂದರೆ ಕ್ಲಚ್ ಹಿಡಿಯದೆ ಗೇರ್ ಏರಿಸಲು ನೆರವಾಗುವ ಸಾಧನ. ಅದನ್ನು ಹೊಂದಿಸಲು ಫೋನಿನಲ್ಲಿರುವ ಆ ಆ್ಯಪನ್ನು ಮೊದಲು ಮುಚ್ಚಿ ಪಕ್ಕಕ್ಕಿಡಿ. ನಿಮ್ಮ ತೊಂದರೆಯ ಮೂಲ ಬಹುಶಃ ಅದರಲ್ಲಿಲ್ಲ.

ನೀವು ಹೇಳಿರುವುದು ಇಷ್ಟು: 2016ರ ಆರ್3, ಹೊರಗಿನ ಕಂಪನಿಯ ಕ್ವಿಕ್‌ಶಿಫ್ಟರ್, ಹಾಕಿದ್ದು ಒಂದು ಗ್ಯಾರೇಜಿನಲ್ಲಿ. 4, 5, 6ನೇ ಗೇರ್‌ಗಳು ಬೆಣ್ಣೆಯಂತೆ ಬೀಳುತ್ತವೆ. 1ರಿಂದ 2ಕ್ಕೆ, 2ರಿಂದ 3ಕ್ಕೆ ಹೋಗುವಾಗ ಒಮ್ಮೊಮ್ಮೆ ಜರ್ಕ್, ಒಮ್ಮೊಮ್ಮೆ ಗೇರೇ ಬೀಳದೆ ಎಂಜಿನ್ ಕಿರುಚುತ್ತದೆ. ಕಟ್ ಟೈಮನ್ನು, ಅಂದರೆ ಗೇರ್ ಬೀಳುವಾಗ ಎಂಜಿನ್ನಿನ ಎಳೆತ ತಡೆಯುವ ಸಮಯವನ್ನು, 50ರಿಂದ 90 ಮಿಲಿಸೆಕೆಂಡ್‌ವರೆಗೆ ಬದಲಿಸಿ ನೋಡಿದ್ದೀರಿ, ಪ್ರಯೋಜನವಾಗಿಲ್ಲ.

ನನ್ನ ಗಮನ ಹೋದದ್ದು ನಿಮ್ಮ 'ಒಮ್ಮೊಮ್ಮೆ' ಎಂಬ ಮಾತಿನ ಮೇಲೆ. ಮಿಲಿಸೆಕೆಂಡ್ ಲೆಕ್ಕ ತಪ್ಪಿದ್ದರೆ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ರೀತಿ ತಪ್ಪಬೇಕು. ಅದೇ ಸೆಟ್ಟಿಂಗಿನಲ್ಲಿ ಈಗ ಸರಿ, ಇನ್ನೊಂದು ಗಳಿಗೆಗೆ ತಪ್ಪು ಎಂದಾದರೆ ಎಲ್ಲೋ ಏನೋ ಅಲುಗಾಡುತ್ತಿದೆ ಎಂದೇ ಅರ್ಥ. ನನ್ನ ಆರ್3ಯಲ್ಲಿ ಇದೇ ಕಾಟ ಇತ್ತು. ಎರಡು ಭಾನುವಾರ ಬೆಳಗಿನ ಜಾವ ದೇವನಹಳ್ಳಿ ಕಡೆ ಹೋಗಿ ಐದೈದು ಮಿಲಿಸೆಕೆಂಡ್ ಏರಿಸಿ ಇಳಿಸಿ ಸಾಕಾಗಿ ವಾಪಸ್ ಬಂದಿದ್ದೆ. ಮೂರನೇ ವಾರ ಬೈಕನ್ನು ಸ್ಟ್ಯಾಂಡಿಗೆ ಹಾಕಿ, ಗೇರ್ ಲಿವರ್‌ನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿದಾಗ ಗೊತ್ತಾಯಿತು: ಲಿವರನ್ನು ಎಂಜಿನ್ನಿಗೆ ಜೋಡಿಸುವ ರಾಡ್ ಮಿಸುಕುವ ಮೊದಲೇ ತುದಿ ಆರೇಳು ಮಿಲಿಮೀಟರ್ ಸುಮ್ಮನೆ ಆಡುತ್ತಿತ್ತು. ರಾಡಿನ ತುದಿಯ ಬಾಲ್ ಜಾಯಿಂಟ್ ಸವೆದಿತ್ತು, ಲಿವರ್ ಕೂರುವ ಬೋಲ್ಟಿನ ಸುತ್ತ ಗ್ರೀಸ್ ಒಣಗಿ ಮಣ್ಣಾಗಿತ್ತು. ಜಾಯಿಂಟ್ ಬದಲಿಸಿ, ಬೋಲ್ಟ್ ತೊಳೆದು ಗ್ರೀಸ್ ಹಾಕಿದ ಮೇಲೆ, ಆ್ಯಪ್‌ನಲ್ಲಿ ಒಂದಂಕಿಯನ್ನೂ ಮುಟ್ಟದೆ ಮುಕ್ಕಾಲು ಪಾಲು ತೊಂದರೆ ಹೋಯಿತು.

ಇಷ್ಟು ಸಣ್ಣ ಸಡಿಲ ಯಾಕೆ ಅಷ್ಟು ಕೆಡಿಸುತ್ತದೆ ಎಂದು ತಿಳಿಯಲು ಗೇರ್‌ಬಾಕ್ಸ್ ಒಳಗೆ ಇಣುಕಬೇಕು. ಬೈಕಿನ ಗೇರ್‌ಗಳ ಹಲ್ಲುಗಳು ಸದಾ ಒಂದಕ್ಕೊಂದು ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ಗೇರ್ ಬೀಳುವುದೆಂದರೆ, ಒಂದು ಗೇರಿನ ಪಕ್ಕದ ಮುಖದಲ್ಲಿರುವ ದಪ್ಪ ಗೂಟಗಳು, ಅಂದರೆ ಡಾಗ್‌ಗಳು, ಸರಿದು ಹೋಗಿ ಪಕ್ಕದ ಗೇರಿನ ಕಿಂಡಿಯಲ್ಲಿ ಕೂರುವುದು. ಎಂಜಿನ್ ಜೋರಾಗಿ ಎಳೆಯುತ್ತಿರುವಾಗ ಈ ಗೂಟಗಳು ಒತ್ತಡಕ್ಕೆ ಬಿಗಿದು ನಿಂತಿರುತ್ತವೆ, ಕಾಲಿನ ಬಲಕ್ಕೆ ಜಗ್ಗುವುದಿಲ್ಲ. ಕ್ಲಚ್ ಹಿಡಿದರೆ ಬಿಗಿ ಸಡಿಲುತ್ತದೆ. ಕ್ವಿಕ್‌ಶಿಫ್ಟರ್ ಅದೇ ಕೆಲಸವನ್ನು ಪೆಟ್ರೋಲನ್ನೋ ಸ್ಪಾರ್ಕನ್ನೋ ಒಂದು ಕ್ಷಣ ತಡೆದು ಮಾಡುತ್ತದೆ. ಹಾಗಾಗಿ ರಾಡಿನಲ್ಲಿ ಕೂರಿಸಿದ ಸೆನ್ಸರ್ ನಿಮ್ಮ ಕಾಲಿನ ಒತ್ತನ್ನು ಗೂಟಗಳು ಸರಿಯುವುದಕ್ಕೆ ಸ್ವಲ್ಪ ಮುಂಚೆಯೇ ಗ್ರಹಿಸಬೇಕು. ಜಾಯಿಂಟ್ ಸಡಿಲವಿದ್ದರೆ ಕಾಲು ಖಾಲಿ ಜಾಗದಲ್ಲಿ ವೇಗ ಪಡೆದು ಆಮೇಲೆ ರಾಡಿಗೆ ಗುದ್ದುತ್ತದೆ. ಕಟ್ ಆಗುವುದೂ ಗೂಟ ಸರಿಯುವುದೂ ಒಂದರ ಮೇಲೊಂದು ಬೀಳುತ್ತವೆ, ಅದೂ ಪ್ರತಿ ಸಲ ಬೇರೆ ಬೇರೆ ಹೊತ್ತಿಗೆ. ಹೀಗೇ ಓಡಿಸುತ್ತಾ ಹೋದರೆ ಗೂಟಗಳ ಅಂಚು ಉರುಟಾಗುತ್ತದೆ, ಆಮೇಲೆ ಎಂಜಿನ್ ಬಿಚ್ಚದೆ ಬೇರೆ ದಾರಿ ಇರುವುದಿಲ್ಲ. ಸರಿಯಾಗುವವರೆಗೆ ದಯವಿಟ್ಟು ಕ್ಲಚ್ ಹಿಡಿದೇ ಗೇರ್ ಹಾಕಿ.

ಇನ್ನು ರಾಡ್. ಸೆನ್ಸರ್ ಕೂರಿಸಲು ಮೂಲ ರಾಡನ್ನು ಕತ್ತರಿಸಿರುತ್ತಾರೆ, ಇಲ್ಲವೇ ಕಿಟ್ ಜೊತೆ ಬಂದ ಗಿಡ್ಡ ರಾಡ್ ಹಾಕಿರುತ್ತಾರೆ. ಒಟ್ಟು ಉದ್ದ ಮೊದಲಿನಷ್ಟೇ ಇದೆಯೇ ನೋಡಿ. ನಾಲ್ಕೈದು ಮಿಲಿಮೀಟರ್ ವ್ಯತ್ಯಾಸವಾದರೂ ಲಿವರ್ ಏರುತ್ತದೆ ಅಥವಾ ತಗ್ಗುತ್ತದೆ, ಬೂಟು ಅದನ್ನು ಪೂರ್ತಿ ಎತ್ತಲಾರದು. 1ರಿಂದ 2ಕ್ಕೆ ಹೋಗುವಾಗ ನಡುವೆ ನ್ಯೂಟ್ರಲ್ ದಾಟಬೇಕಲ್ಲ, ಅರ್ಧ ಎತ್ತಿದರೆ ನಿಲ್ಲುವುದು ಅಲ್ಲೇ. ಲಿವರನ್ನು ಕೊನೆಯವರೆಗೆ ಎತ್ತಿ ಹಿಡಿದು, ಸೆನ್ಸರ್‌ನ ಮೈ ಫ್ರೇಮಿಗೋ ಎಂಜಿನ್ ಕವರಿಗೋ ತಾಗುತ್ತಿದೆಯೇ ಎಂದೂ ಪರೀಕ್ಷಿಸಿ. ಎಂಜಿನ್ ಕಡೆಯ ಪುಟ್ಟ ತೋಳಿಗೂ ರಾಡಿಗೂ ನಡುವಿನ ಕೋನ 90 ಡಿಗ್ರಿಗೆ ಹತ್ತಿರ ಇರಲಿ. ಓರೆಯಾದಷ್ಟೂ ಕಾಲಿನ ಬಲ ಪೋಲಾಗುತ್ತದೆ.

ಲಾಕ್ ನಟ್ ಬಿಗಿ ಮಾಡುವಾಗ ಒಂದು ಸ್ಪ್ಯಾನರ್ ಸೆನ್ಸರ್‌ನ ಮೈಯನ್ನು ಹಿಡಿದಿರಬೇಕು, ಇನ್ನೊಂದು ನಟ್ಟನ್ನು ತಿರುಗಿಸಬೇಕು. ನನ್ನ ಮೊದಲ ಸೆನ್ಸರನ್ನು ಒಂದು ಗ್ಯಾರೇಜಿನಲ್ಲಿ ಹಾಗೆ ಹಿಡಿಯದೆ ತಿರುಚಿ ಹಾಳು ಮಾಡಿದರು. ಬಲವನ್ನು ಅಳೆಯುವ ಸೂಕ್ಷ್ಮ ವಸ್ತು ಅದು, ತಿರುಚಿದರೆ ತಾಳದು. ರಾಡಿನ ಒಂದು ತುದಿಯ ಮರೆ (ಥ್ರೆಡ್) ಸಾಮಾನ್ಯವಾಗಿ ಎಡಸುತ್ತಿನದು, ಆ ನಟ್ ಉಲ್ಟಾ ತಿರುಗುತ್ತದೆ ಎಂಬುದು ನೆನಪಿರಲಿ. ಎರಡೂ ಕಡೆ ಮರೆ ಕನಿಷ್ಠ ಏಳೆಂಟು ಮಿಲಿಮೀಟರ್ ಒಳಗೆ ಹೋಗಿರಬೇಕು. ವೈರಿಗೆ ಲಿವರ್ ಆಡುವಷ್ಟು ಸಡಿಲ ಬಿಟ್ಟು, ಚೈನು, ಸೈಲೆನ್ಸರ್ ಪೈಪು, ಸ್ಪಾರ್ಕ್ ಪ್ಲಗ್‌ನ ವೈರು ಈ ಮೂರರಿಂದಲೂ ದೂರ ಕಟ್ಟಿ.

ಗೇರ್ ಏರಿಸುವಾಗ ನಿಮ್ಮ ರಾಡ್ ಒತ್ತಲ್ಪಡುತ್ತದೆಯೋ ಎಳೆಯಲ್ಪಡುತ್ತದೆಯೋ? ಸ್ನೇಹಿತರೊಬ್ಬರು ಲಿವರ್ ಎತ್ತಲಿ, ನೀವು ಕೂತು ರಾಡ್ ನೋಡಿ. ಆ್ಯಪ್‌ನಲ್ಲಿ ಪುಶ್ ಅಥವಾ ಪುಲ್ ಎಂಬುದು ಅದಕ್ಕೆ ಸರಿಯಾಗಿರಬೇಕು. ರೇಸಿನವರಂತೆ ಗೇರ್ ಕ್ರಮ ಉಲ್ಟಾ ಮಾಡಿಸಿಕೊಂಡಿದ್ದರೆ ಇದೂ ಉಲ್ಟಾ ಆಗುತ್ತದೆ.

ಚೈನ್ ಸಡಿಲವನ್ನು ಮ್ಯಾನ್ಯುಯಲ್‌ನ ಅಳತೆಗೆ ತನ್ನಿ. ಜೋತುಬಿದ್ದ ಚೈನು ಕಟ್ ಆದಾಗ ಸಡಿಲಾಗಿ, ಎಂಜಿನ್ ಮರಳಿದಾಗ ರಪ್ಪೆಂದು ಬಿಗಿಯುತ್ತದೆ. ಆ ಏಟನ್ನು ನಾವು ಸೆಟ್ಟಿಂಗ್ ತಪ್ಪೆಂದು ತಿಳಿಯುತ್ತೇವೆ.

ಇಷ್ಟೆಲ್ಲ ಆದ ಮೇಲೆ ಆ್ಯಪ್ ತೆರೆಯಿರಿ. ಕೆಳಗಿನ ಗೇರ್‌ಗಳಲ್ಲೇ ತೊಂದರೆ ಯಾಕೆ ಎಂಬುದಕ್ಕೆ ಉತ್ತರ ಲೆಕ್ಕದಲ್ಲಿದೆ. ಆರ್3ಯ 1ನೇ ಗೇರಿನ ಅನುಪಾತ 2.500, 2ನೆಯದು 1.824. ಅಂದರೆ 10,000 ಆರ್‌ಪಿಎಂನಲ್ಲಿ 1ರಿಂದ 2ಕ್ಕೆ ಹೋದರೆ ಎಂಜಿನ್ ಸುಮಾರು 7,300ಕ್ಕೆ ಇಳಿಯಬೇಕು. 5ರಿಂದ 6ಕ್ಕೆ (0.920ರಿಂದ 0.800) ಇಳಿಯಬೇಕಾದದ್ದು ಸುಮಾರು 8,700ಕ್ಕೆ ಮಾತ್ರ. ಕೆಳಗಿನ ಗೇರಿಗೆ ಎರಡು ಪಟ್ಟು ಇಳಿತ ಬೇಕು, ಅದಕ್ಕೆ ಹೆಚ್ಚು ಸಮಯ ಬೇಕು. ಇನ್ನೊಂದು ಲೆಕ್ಕ: ನಾಲ್ಕು ಸ್ಟ್ರೋಕ್ ಎಂಜಿನ್ ತನ್ನ ನಾಲ್ಕೂ ಸ್ಟ್ರೋಕ್, ಅಂದರೆ ಎರಡು ಸುತ್ತು, ಮುಗಿಸಲು 10,000 ಆರ್‌ಪಿಎಂನಲ್ಲಿ 12 ಮಿಲಿಸೆಕೆಂಡ್, 4,000ದಲ್ಲಿ 30 ಮಿಲಿಸೆಕೆಂಡ್. 60 ಮಿಲಿಸೆಕೆಂಡ್ ಕಟ್ ಇಟ್ಟರೆ ಮೇಲೆ ಪ್ರತಿ ಸಿಲಿಂಡರಿಗೆ ಐದು ಸಲ ಪೆಟ್ರೋಲ್ ತಪ್ಪುತ್ತದೆ, ಕೆಳಗೆ ಬರೀ ಎರಡು ಸಲ. ಇಂಜೆಕ್ಟರ್ ತಡೆಯುವ ಕಿಟ್‌ನಲ್ಲಿ ಮೊದಲೇ ಚಿಮ್ಮಿದ್ದ ಪೆಟ್ರೋಲ್ ಉರಿದು ಮುಗಿಯಬೇಕು, ಹಾಗಾಗಿ ಕಡಿಮೆ ಆರ್‌ಪಿಎಂನಲ್ಲಿ ಇನ್ನಷ್ಟು ತಡ. ಅದಕ್ಕೇ ನಾನು, ಕ್ವಿಕ್‌ಶಿಫ್ಟರ್ ಕೆಲಸ ಶುರು ಮಾಡುವ ಕನಿಷ್ಠ ಆರ್‌ಪಿಎಂ 5,000 ಇಟ್ಟಿದ್ದೇನೆ. ಊರೊಳಗಿನ ಟ್ರಾಫಿಕ್‌ನಲ್ಲಿ ಕ್ಲಚ್ಚೇ ಸರಿ.

ಮೊದಲು ಸೆನ್ಸಿಟಿವಿಟಿ, ಅಂದರೆ ಎಷ್ಟು ಒತ್ತಿಗೆ ಕಟ್ ಆಗಬೇಕು ಎಂಬುದನ್ನು, ಹೊಂದಿಸಿ, ಸಮಯ ಆಮೇಲೆ. ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ಹಿಡಿಯುವ ಪ್ಯಾಡಾಕ್ ಸ್ಟ್ಯಾಂಡಿನ ಮೇಲೆ 6ನೇ ಗೇರಿಗೆ ಹಾಕಿ, ಕ್ಲಚ್ ಹಿಡಿದು, ಕನಿಷ್ಠ ಆರ್‌ಪಿಎಂಗಿಂತ ತುಸು ಮೇಲೆ ಎಂಜಿನ್ ಇಟ್ಟು ಲಿವರ್ ಎತ್ತಿ. ಮೇಲೆ ಗೇರ್ ಇಲ್ಲದ್ದರಿಂದ ಏನೂ ಬದಲಾಗದು, ಕಟ್ ಆಗುವ ಸದ್ದು ಮಾತ್ರ ಕೇಳಿಸುತ್ತದೆ. ಕ್ಲಚ್ ಹಿಡಿದಿದ್ದರೂ ಹಿಂದಿನ ಚಕ್ರ ತಿರುಗುತ್ತಿರುತ್ತದೆ, ಯಾರೂ ಅದರ ಹತ್ತಿರ ಕೈ ತರಬಾರದು. ಬೂಟು ಸುಮ್ಮನೆ ತಗಲಿದರೆ ಕಟ್ ಆಗಬಾರದು, ಮನಸ್ಸಿಟ್ಟು ಎತ್ತಿದರೆ ತಪ್ಪದೆ ಆಗಬೇಕು. ರಸ್ತೆಯ ಹಂಪಿನ ಮೇಲೆ ಎಂಜಿನ್ ಮುಗ್ಗರಿಸಿದರೆ ಅದು ವಿಪರೀತ ಸೂಕ್ಷ್ಮವಾಗಿದೆ ಎಂದು ತಿಳಿಯಿರಿ.

ಸಮಯವನ್ನು ಹೆಚ್ಚಿನಿಂದ ಕೆಳಗೆ ತನ್ನಿ, 80ರಿಂದ ಶುರು ಮಾಡಿ. ತಲೆ ಮುಂದಕ್ಕೆ ವಾಲಿ ಆಮೇಲೆ ಹಿಂದಕ್ಕೆ ಎಳೆದಂತಾದರೆ ಕಟ್ ಉದ್ದವಾಯಿತು, 5 ಇಳಿಸಿ. ಲಿವರ್ ಗಡುಸಾಗಿ ಕಟಕ್ ಎಂದ ಕೂಡಲೇ ನಿಲ್ಲಿಸಿ 5 ಏರಿಸಿ. ಇಳಿಸುವ ಆಸೆಗೆ ಬಿದ್ದು ಕಡಿಮೆ ಮಾಡುತ್ತಾ ಹೋಗಬೇಡಿ, ತುಸು ಉದ್ದದ ಕಟ್ ಗೇರ್‌ಬಾಕ್ಸಿಗೆ ಏನೂ ಮಾಡದು, ಗಿಡ್ಡದು ಮಾಡುತ್ತದೆ. ನಿಮ್ಮ ಕಿಟ್‌ನಲ್ಲಿ ಆರ್‌ಪಿಎಂಗೆ ತಕ್ಕಂತೆ ಬೇರೆ ಬೇರೆ ಸಮಯ ಕೊಡಲು ಬರುವುದಾದರೆ ಕೆಳಗೆ ಹೆಚ್ಚು, ಮೇಲೆ ಕಡಿಮೆ ಕೊಡಿ. ನನ್ನ ಬೈಕು 5,000ರ ಆಸುಪಾಸಿನಲ್ಲಿ 75, 9,000 ದಾಟಿದ ಮೇಲೆ 60ಕ್ಕೆ ನಿಂತಿದೆ. ನಿಮ್ಮದು ಇಲ್ಲೇ ನಿಲ್ಲಬೇಕೆಂದೇನಿಲ್ಲ.

ಕಾಲಿನ ಅಭ್ಯಾಸವೂ ಬದಲಾಗಬೇಕು. ಕ್ಲಚ್ ಇರುವಾಗ ಮೊದಲೇ ಲಿವರಿಗೆ ಮೆಲ್ಲಗೆ ಒತ್ತು ಕೊಟ್ಟು ಕಾಯುವುದು ಹಲವರ ರೂಢಿ, ನನಗೂ ಇತ್ತು. ಇಲ್ಲಿ ಆ ಒತ್ತೇ ಸೆನ್ಸರನ್ನು ಮೊದಲೇ ಎಬ್ಬಿಸುತ್ತದೆ. ಕಾಲನ್ನು ಲಿವರಿನಿಂದ ಬೇರೆ ಇಡಿ, ಥ್ರಾಟಲ್ ತೆರೆದೇ ಇರಲಿ, ಒಂದೇ ಸಲಕ್ಕೆ ಗಟ್ಟಿಯಾಗಿ ಕೊನೆಯವರೆಗೆ ಎತ್ತಿ, ಗೇರ್ ಕೂತ ಮೇಲೆ ಬಿಡಿ. ಗೇರ್ ಇಳಿಸಲು ಮಾತ್ರ ಕ್ಲಚ್ ಬೇಕೇ ಬೇಕು. ನಮ್ಮ ಆರ್3ಯದು ಕೇಬಲ್ ಥ್ರಾಟಲ್, ಇಳಿಸುವಾಗ ತಾನಾಗಿ ಆರ್‌ಪಿಎಂ ಏರಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ.

ಈ ವಾರ ಲಿವರ್ ತುದಿಯ ಆಟ ಎಷ್ಟು ಮಿಲಿಮೀಟರ್ ಇದೆ ಎಂದು ಸ್ಕೇಲಿಟ್ಟು ಅಳೆದು ಬರೆಯಿರಿ. ಜೊತೆಗೆ ರಾಡೂ ಎಂಜಿನ್ ಕಡೆಯ ತೋಳೂ ಪಕ್ಕದಿಂದ ಕಾಣುವಂತೆ ಒಂದು ಫೋಟೊ ಹಾಕಿದರೆ ಕೋನ ನೋಡಿ ಹೇಳುತ್ತೇನೆ.